ಮುಗಿದ ಮೇಲೆ ಒಟ್ಟಿಗೇ ಓದಬಾರದೇ?

ನಾನು ‘ಒನ್ ಪೀಸ್’ ಎಂಬ ಜಪಾನಿ ಮಾಂಗಾವನ್ನು ಓದುತ್ತೇನೆಂದು ತಿಳಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ. 1997ರಲ್ಲಿ ಶುರುವಾಗಿ, ನೂರಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆದು, ಇನ್ನೂ ಮುಗಿಯದ ಚಿತ್ರಕಥೆಯೊಂದರ ಬೆನ್ನಿಗೆ ವಾರವಾರವೂ ಬಿದ್ದಿರುವುದೇಕೆ, ಎಲ್ಲ ಮುಗಿದ ಮೇಲೆ ಒಟ್ಟಿಗೇ ಓದಬಾರದೇ ಎಂದು ಚಿಕ್ಕಮ್ಮನ ಮಗ ಕೇಳಿದ್ದಾನೆ, ಕಚೇರಿಯ ಹಿರಿಯರು ಕೇಳಿದ್ದಾರೆ, ನನ್ನಷ್ಟೇ ಓದುವ ಹುಚ್ಚಿರುವ ಗೆಳತಿಯೂ ಕೇಳಿದ್ದಾಳೆ. ಪ್ರತಿ ಸಲವೂ ಎರಡು ಮಾತಿನಲ್ಲಿ ಉತ್ತರ ಹೇಳಲು ಹೋಗಿ ಅದು ಅರ್ಧಕ್ಕೇ ನಿಂತಿದೆ. ಇಲ್ಲಿ ಅದನ್ನು ಪೂರ್ತಿಯಾಗಿ ಬರೆಯುತ್ತೇನೆ. ಕಥೆಯ ಕೆಲವು ಮುಖ್ಯ ತಿರುವುಗಳನ್ನು ಹೇಳದೆ ಈ ಉತ್ತರ ಕೊಡಲು ಸಾಧ್ಯವಿಲ್ಲವಾದ್ದರಿಂದ, ಮುಂದೆ ತಾವೇ ಓದಬೇಕೆಂದಿರುವವರು ಇದನ್ನು ಮೊದಲೇ ತಿಳಿದಿರಲಿ.

ಕಥೆಯ ಹೊರ ಆವರಣ ಸರಳವಾಗಿದೆ. ಕಡಲ್ಗಳ್ಳರ ರಾಜನೆನಿಸಿಕೊಂಡ ರೋಜರ್ ಎಂಬಾತ ಮರಣದಂಡನೆಗೆ ಗುರಿಯಾಗುವ ಮುನ್ನ ತನ್ನ ಸಂಪತ್ತನ್ನೆಲ್ಲ ಒಂದು ಕಡೆ ಬಿಟ್ಟು ಬಂದಿದ್ದೇನೆಂದು ಸಾರುತ್ತಾನೆ. ಅದನ್ನು ಹುಡುಕಲು ಊರೂರಿನವರು ಹಡಗೇರುತ್ತಾರೆ. ಅವರಲ್ಲೊಬ್ಬ, ರಬ್ಬರಿನಂತೆ ಹಿಗ್ಗುವ ಮೈಯ, ತಲೆಯ ಮೇಲೆ ಹುಲ್ಲಿನ ಟೋಪಿಯ ಹುಡುಗ ಲೂಫಿ. ಅವನು ಒಬ್ಬೊಬ್ಬರನ್ನೇ ಜೊತೆಗೆ ಸೇರಿಸಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾನೆ. ಬರೆದು ಚಿತ್ರಿಸುತ್ತಿರುವವರು ಎಯಿಚಿರೊ ಓಡಾ, 1975ರಲ್ಲಿ ಕುಮಾಮೋಟೊದಲ್ಲಿ ಹುಟ್ಟಿದವರು. ಶುರುವಿನಲ್ಲಿ ಅವರ ಲೆಕ್ಕದ ಪ್ರಕಾರ ಇದು ಐದು ವರ್ಷದಲ್ಲಿ ಮುಗಿಯಬೇಕಿತ್ತು.

ಜನಪ್ರಿಯತೆಯ ಅಂಕಿಗಳನ್ನು ಕೇಳುವವರಿಗೆ ಅವೂ ಇವೆ. 2014ರ ಕೊನೆಯವರೆಗೆ ಮುದ್ರಣವಾದ 32 ಕೋಟಿಗೂ ಹೆಚ್ಚು ಪ್ರತಿಗಳಿಗಾಗಿ, ಒಬ್ಬನೇ ಲೇಖಕನ ಒಂದೇ ಚಿತ್ರಕಥಾ ಸರಣಿಯ ವಿಭಾಗದಲ್ಲಿ ಇದಕ್ಕೆ ಗಿನ್ನೆಸ್ ದಾಖಲೆ ಸಂದಿತು. 2022ರಲ್ಲಿ ಆ ಸಂಖ್ಯೆ 50 ಕೋಟಿ ದಾಟಿತು. 67ನೆಯ ಸಂಪುಟದ ಮೊದಲ ಮುದ್ರಣವೇ 40 ಲಕ್ಷಕ್ಕೂ ಮೇಲಿತ್ತು. ಆದರೆ ಎಷ್ಟು ಜನ ಓದುತ್ತಾರೆಂಬುದು ಏಕೆ ಓದುತ್ತಾರೆಂಬುದಕ್ಕೆ ಉತ್ತರವಾಗುವುದಿಲ್ಲ.

ಉತ್ತರ ಶುರುವಾಗುವುದು ಈ ಕಥೆ ಅಚ್ಚಾಗುವ ಬಗೆಯಿಂದ. ‘ಒನ್ ಪೀಸ್’ ಪುಸ್ತಕವಾಗಿ ಹುಟ್ಟಿದ್ದಲ್ಲ. ಶುಯೇಷಾ ಪ್ರಕಾಶನದ ‘ವೀಕ್ಲಿ ಶೊನೆನ್ ಜಂಪ್’ ಎಂಬ ವಾರಪತ್ರಿಕೆಯ ಧಾರಾವಾಹಿ ಅದು. ಆ ಪತ್ರಿಕೆಯೊಳಗೆ ಒಂದು ಅಂಚೆ ಕಾರ್ಡು ಇರುತ್ತದೆ. ಆ ವಾರ ಯಾವ ಕಥೆಗಳು ಹಿಡಿಸಿದವೆಂದು ಓದುಗರು ಅದರಲ್ಲಿ ಬರೆದು ಕಳುಹಿಸುತ್ತಾರೆ. ಮತಗಳು ಕಡಿಮೆಯಾಗುತ್ತ ಹೋದ ಕಥೆಯನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿಬಿಡುವುದು ಅಲ್ಲಿ ಮಾಮೂಲು. ಪತ್ರಿಕೆಯ ಕಂಬಗಳಂತಿದ್ದ ‘ಡ್ರ್ಯಾಗನ್ ಬಾಲ್’ 1995ರಲ್ಲಿ, ‘ಸ್ಲ್ಯಾಮ್ ಡಂಕ್’ 1996ರಲ್ಲಿ ಮುಗಿದು, ಪ್ರಸಾರ ಇಳಿಯುತ್ತಿದ್ದ ಹೊತ್ತಿನಲ್ಲಿ, 1997ರ ಜುಲೈಯಲ್ಲಿ ಇಪ್ಪತ್ತೆರಡು ವಯಸ್ಸಿನ ಓಡಾ ಅವರ ಕಥೆ ಶುರುವಾಯಿತು. ವಾರಕ್ಕೆ ಹದಿನೇಳು ಹದಿನೆಂಟು ಪುಟ, ಪ್ರತಿ ವಾರವೂ ಓದುಗರ ಮುಂದೆ ಪರೀಕ್ಷೆ. ಇಂಥ ಕಡೆ ಬರೆಯುವವರು ಸಾಮಾನ್ಯವಾಗಿ ಈ ವಾರದ ಓದುಗನನ್ನು ಈ ವಾರವೇ ಗೆಲ್ಲಲು ಬರೆಯುತ್ತಾರೆ. ಓಡಾ ಅದನ್ನೂ ಮಾಡಿದರು, ಜೊತೆಗೆ ಎಂಟು ಹತ್ತು ವರ್ಷಗಳ ಆಚೆಗಿನ ಓದುಗನಿಗಾಗಿಯೂ ಬೀಜಗಳನ್ನು ನೆಡುತ್ತ ಹೋದರು. ಅದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಲಾಬೂನ್ ಎಂಬ ತಿಮಿಂಗಿಲದ್ದು.

12ನೆಯ ಸಂಪುಟದಲ್ಲಿ, ಎಂದರೆ 1999ರಲ್ಲಿ ಪತ್ರಿಕೆಯಲ್ಲಿ ಬಂದ ಅಧ್ಯಾಯಗಳಲ್ಲಿ, ಲೂಫಿಯ ಹಡಗು ಬೆಟ್ಟವೊಂದನ್ನು ಹತ್ತಿಳಿದು ‘ಗ್ರ್ಯಾಂಡ್ ಲೈನ್’ ಎಂಬ ಅಪಾಯದ ಕಡಲಿಗೆ ಇಳಿಯುತ್ತದೆ. ಇಳಿಯುವ ಜಾಗದ ಭೂಶಿರದಲ್ಲಿ ಗುಡ್ಡದಂಥ ತಿಮಿಂಗಿಲವೊಂದು ಅಡ್ಡ ನಿಂತಿದೆ. ಅದು ಕಲ್ಲುಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದೆ. ಹಣೆಯ ತುಂಬ ಗಾಯದ ಕಲೆಗಳು. ದೀಪಸ್ತಂಭ ಕಾಯುವ ಕ್ರೋಕಸ್ ಎಂಬ ಮುದಿ ವೈದ್ಯ ಅದರ ಕಥೆ ಹೇಳುತ್ತಾನೆ. ಐವತ್ತು ವರ್ಷಗಳ ಹಿಂದೆ ಒಂದು ಕಡಲ್ಗಳ್ಳರ ತಂಡ, ತಮ್ಮ ಹಿಂದೆಯೇ ಬಂದಿದ್ದ ಈ ಮರಿಯನ್ನು ಅವನ ಬಳಿ ಬಿಟ್ಟು, ಲೋಕ ಸುತ್ತಿ ಎರಡು ಮೂರು ವರ್ಷಗಳಲ್ಲಿ ಬರುತ್ತೇವೆಂದು ಹೋಯಿತು. ಬರಲಿಲ್ಲ. ಅವರು ಹೆದರಿ ಈ ಕಡಲನ್ನೇ ಬಿಟ್ಟು ಓಡಿಹೋದರೆಂಬ ಸುದ್ದಿ ಕ್ರೋಕಸನಿಗೆ ತಲುಪಿದೆ, ತಿಮಿಂಗಿಲಕ್ಕೂ ಹೇಳಿದ್ದಾನೆ. ಅದು ನಂಬದೆ ಗೋಡೆಗೆ ತಲೆ ಚಚ್ಚುತ್ತಲೇ ಇದೆ.

ಲೂಫಿ ಇಲ್ಲಿ ಸಮಾಧಾನದ ಒಂದು ಮಾತನ್ನೂ ಆಡುವುದಿಲ್ಲ. ತನ್ನ ಹಡಗಿನ ಹಾಯಿಕಂಬವನ್ನೇ ಕಿತ್ತು ತಿಮಿಂಗಿಲದ ಗಾಯಕ್ಕೆ ಚುಚ್ಚುತ್ತಾನೆ. ಅದು ಸಿಟ್ಟಾಗಿ ಅವನ ಮೇಲೆ ಏರಿ ಬಂದಾಗ, ನಮ್ಮ ಜಗಳ ಇನ್ನೂ ತೀರ್ಮಾನವಾಗಿಲ್ಲ, ನಾನು ಈ ಕಡಲು ಸುತ್ತಿ ಬಂದ ಮೇಲೆ ಮತ್ತೆ ಹೊಡೆದಾಡೋಣ ಎನ್ನುತ್ತಾನೆ. ಕಾಯಲು ಯಾರೂ ಇಲ್ಲದ ಪ್ರಾಣಿಗೆ ಹೀಗೆ ಕಾಯಲು ಒಬ್ಬ ಸಿಕ್ಕುತ್ತಾನೆ. ಆಮೇಲೆ ಬಣ್ಣದ ಡಬ್ಬಿ ಹಿಡಿದು ಅದರ ಹಣೆಯ ಗಾಯಗಳ ಮೇಲೆ ತನ್ನ ತಂಡದ ಗುರುತನ್ನು ವಕ್ರವಕ್ರವಾಗಿ ಬರೆದು, ನಾನು ಬರುವವರೆಗೆ ತಲೆ ಚಚ್ಚಿ ಇದನ್ನು ಅಳಿಸಬಾರದೆಂದು ಹೇಳಿ ಹೊರಡುತ್ತಾನೆ. ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದಾದ ಪ್ರಸಂಗ. ಚೆನ್ನಾಗಿದೆಯೆಂದು ಪುಟ ತಿರುಗಿಸಿ ಮುಂದೆ ಹೋದರೆ ಯಾರೂ ತಪ್ಪೆನ್ನುವಂತಿಲ್ಲ.

ಎಂಟು ವರ್ಷಗಳು ಕಳೆದು, 50ನೆಯ ಸಂಪುಟದ ಹೊತ್ತಿಗೆ, ಮಂಜು ಮುಸುಕಿದ ಕಡಲಿನಲ್ಲಿ ಸಿಕ್ಕ ಬ್ರೂಕ್ ಎಂಬ ಸಂಗೀತಗಾರ ತನ್ನ ಕಥೆ ಹೇಳುತ್ತಾನೆ. ಅವನ ಮೈಯಲ್ಲಿ ಉಳಿದಿರುವುದು ಎಲುಬು ಮಾತ್ರ, ಜೊತೆಗೆ ತಲೆಯ ಮೇಲೆ ದೊಡ್ಡ ಗುಂಗುರು ಕೂದಲು. ಸತ್ತ ಮೇಲೆ ಒಮ್ಮೆ ಬದುಕಿ ಬರುವ ಶಕ್ತಿ ಪಡೆದಿದ್ದ ಅವನ ಆತ್ಮಕ್ಕೆ ಮಂಜಿನಲ್ಲಿ ದಾರಿ ತಪ್ಪಿ, ಶರೀರ ಸಿಕ್ಕುವಷ್ಟರಲ್ಲಿ ಎಲುಬಷ್ಟೇ ಉಳಿದಿತ್ತು. ವಿಷ ಸವರಿದ ಆಯುಧಗಳಿಗೆ ಸಿಕ್ಕ ಅವನ ಸಂಗಡಿಗರು ಸಾಯುವ ಮೊದಲು ಎಲ್ಲರೂ ಸೇರಿ ಒಂದು ಹಾಡನ್ನು ನುಡಿಸಿ ಶಂಖದಂಥ ಚಿಪ್ಪಿನಲ್ಲಿ ದಾಖಲಿಸಿದರು, ದೂರದಲ್ಲಿ ತಮಗಾಗಿ ಕಾಯುತ್ತಿರುವ ಗೆಳೆಯನೊಬ್ಬನಿಗೆ ಕೇಳಿಸಲು. ಹಾಡು ಸಾಗಿದಂತೆ ಒಂದೊಂದೇ ವಾದ್ಯ ನಿಲ್ಲುತ್ತದೆ. ನಾಲ್ವರು, ಮೂವರು, ಇಬ್ಬರು, ಕೊನೆಗೆ ಬ್ರೂಕ್ ಒಬ್ಬನೇ. ಚಿತ್ರದಲ್ಲಿ ಸದ್ದಿಲ್ಲ, ಆದರೆ ಚೌಕಟ್ಟಿನಿಂದ ಚೌಕಟ್ಟಿಗೆ ಜನ ಕಡಿಮೆಯಾಗುವುದನ್ನು ನೋಡುತ್ತ ನೋಡುತ್ತ ವಾದ್ಯಗಳು ನಿಲ್ಲುವುದು ಕಿವಿಗೆ ಕೇಳಿಸುತ್ತದೆ. ಆ ಗೆಳೆಯ ಲಾಬೂನ್. ಎಲುಬಾದ ಮೇಲೂ ಬ್ರೂಕ್ ಕೂದಲನ್ನು ಜೋಪಾನ ಮಾಡಿದ್ದು, ಮುಖ ಗುರುತು ಸಿಗದಿದ್ದರೂ ಕೂದಲಿನಿಂದಲಾದರೂ ಅದು ತನ್ನನ್ನು ಗುರುತಿಸಲಿ ಎಂದು. ಲಾಬೂನ್ ಇನ್ನೂ ಅದೇ ಭೂಶಿರದಲ್ಲಿ ಕಾಯುತ್ತಿದೆಯೆಂದು ಲೂಫಿ ಹೇಳಿದಾಗ, ಕಣ್ಣೇ ಇಲ್ಲದ ಆ ತಲೆಬುರುಡೆ ಅಳುತ್ತದೆ.

ನಾನು ಓದಲು ಶುರುಮಾಡುವಾಗ ಈ ಎರಡೂ ಸಂಪುಟಗಳು ಬಂದಾಗಿತ್ತು. 12ನೆಯದನ್ನು ಓದಿದ್ದು ಮೈಸೂರಿನಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ. 50ನೆಯದನ್ನು ಕೆಲವೇ ತಿಂಗಳ ನಂತರ, ರಾತ್ರಿ ಊಟ ಮುಗಿಸಿ. ಓದಿ ಕಣ್ಣೀರು ಹಾಕಿದ್ದು ನಿಜ. ಆದರೆ 1999ರಲ್ಲಿ ಶಾಲೆಗೆ ಹೋಗುತ್ತಿದ್ದ ಜಪಾನಿನ ಓದುಗನೊಬ್ಬ, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಂದು ಸೋಮವಾರ ಪತ್ರಿಕೆ ತೆರೆದು, ತಾನು ಮರೆತೇಬಿಟ್ಟಿದ್ದ ಆ ತಿಮಿಂಗಿಲದ ಹೆಸರನ್ನು ಕಂಡಾಗ ಆದದ್ದು ನನಗೆ ಆಗಲಿಲ್ಲ. ಅವನು ಮರೆತಿದ್ದ ಅಷ್ಟೂ ವರ್ಷ ಲಾಬೂನ್ ಅಲ್ಲೇ ಕಾದಿತ್ತು. ಕಾದದ್ದು ಕಥೆಯೊಳಗೆ ಮಾತ್ರವಲ್ಲ, ಅವನ ಆಯುಷ್ಯದಲ್ಲಿಯೂ ಅಷ್ಟು ಕಾಲ ಕಳೆದಿತ್ತು. ಮುಗಿದ ಮೇಲೆ ಓದುವವನಿಗೆ ಕಥೆಯ ಎಲ್ಲವೂ ಸಿಗುತ್ತದೆ, ಈ ಕಾಲ ಮಾತ್ರ ಸಿಗುವುದಿಲ್ಲ. ನನ್ನ ಉತ್ತರದ ತಿರುಳು ಇದು.

ನನ್ನ ಪಾಲಿಗೂ ಅಂಥದ್ದೊಂದು ಬಂತು. ಜಿನ್ಬೆ ಎಂಬ ಮೀನುಮಾನವನ ಹೆಸರು 8ನೆಯ ಸಂಪುಟದಲ್ಲಿ ಯಾರದೋ ಬಾಯಲ್ಲಿ ಸುಮ್ಮನೆ ಬಂದುಹೋಗುತ್ತದೆ. ಆತ ಮುಖ ತೋರಿಸುವುದು 54ನೆಯದರಲ್ಲಿ, ಸೆರೆಮನೆಯ ಕತ್ತಲಲ್ಲಿ. ಮುಂದೆ ಲೂಫಿ ತನ್ನ ತಂಡಕ್ಕೆ ಕರೆದಾಗ, ತೀರಿಸಬೇಕಾದ ಹೊಣೆಗಳಿವೆ, ಮುಗಿಸಿ ಬರುತ್ತೇನೆ ಎನ್ನುತ್ತಾನೆ. ಆ ಮಾತನ್ನು ಓದಿದ ಮೇಲೆ ನಾನು ಕೆಲಸ ಬದಲಿಸಿದೆ, ಮನೆ ಬದಲಿಸಿದೆ, ಅಜ್ಜಿಯನ್ನು ಕಳೆದುಕೊಂಡೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಿಂದಾಗಿ ಬೀದಿಯಲ್ಲಿ ಒಂದು ಆಟೋದ ಸದ್ದೂ ಇಲ್ಲದ ಭಾನುವಾರ ರಾತ್ರಿ, ಬರುತ್ತೇನೆಂದಿದ್ದವನು ಬಂದ. ಆ ಪುಟವನ್ನು ನೋಡಿ ನಾನು ಎದ್ದು ನಿಂತಿದ್ದೆ.

ಭಾನುವಾರ ರಾತ್ರಿ ಎಂದುದಕ್ಕೆ ಕಾರಣವಿದೆ. ಜಪಾನಿನಲ್ಲಿ ಸೋಮವಾರ ಹುಟ್ಟುವ ಹೊತ್ತಿಗೆ ನಮ್ಮಲ್ಲಿ ಭಾನುವಾರ ರಾತ್ರಿ 8:30. 2019ರಲ್ಲಿ ಶುಯೇಷಾ ‘ಮಾಂಗಾ ಪ್ಲಸ್’ ಎಂಬ ಆ್ಯಪ್ ಶುರುಮಾಡಿದ ಮೇಲೆ ಹೊಸ ಅಧ್ಯಾಯದ ಇಂಗ್ಲಿಷ್ ಅನುವಾದ ಅದೇ ಹೊತ್ತಿಗೆ ಉಚಿತವಾಗಿ ಸಿಗುತ್ತದೆ. ಟೋಕಿಯೋದವರೂ ಬೆಂಗಳೂರಿನವರೂ ಒಂದೇ ಗಳಿಗೆಯಲ್ಲಿ ಒಂದೇ ಪುಟ ನೋಡುತ್ತೇವೆ. ಈ ಕಾಯುವಿಕೆ ನನಗೆ ಹೊಸದೂ ಅಲ್ಲ. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಜಾಗ್ರತೆಯಿಂದ ಬಿಡಿಸಿ, ದಬ್ಬಣದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹೊದಿಸಿ ಇಡುತ್ತಿದ್ದಳು. ಒಂದು ವಾರದ ಸಂಚಿಕೆ ತಪ್ಪಿದರೆ ಪಕ್ಕದ ಬೀದಿಯವರೆಗೂ ಹೋಗಿ ಕೇಳಿ ತರುತ್ತಿದ್ದಳು. ಆ ಕಾದಂಬರಿಗಳು ಮುಂದೆ ಪುಸ್ತಕವಾಗಿ ಬಂದರೂ ಅವಳು ಕೊಳ್ಳಲಿಲ್ಲ. ತನ್ನ ಹೊಲಿಗೆಯ ಪ್ರತಿಯೇ ಅವಳಿಗೆ ಆ ಕಾದಂಬರಿಯಾಗಿತ್ತು.

ಓದುಗರ ಈ ಉತ್ಸಾಹಕ್ಕೆ ಇನ್ನೊಂದು ಕಾರಣ, ಓಡಾ ತಮ್ಮ ಓದುಗರನ್ನು ಒಳಗೆ ಬಿಟ್ಟುಕೊಂಡಿರುವುದು. 4ನೆಯ ಸಂಪುಟದಿಂದ ಅಧ್ಯಾಯಗಳ ನಡುವೆ ಓದುಗರ ಪತ್ರಗಳಿಗೆ ಅವರೇ ಉತ್ತರಿಸುವ ಪುಟಗಳಿವೆ. ಪಾತ್ರಗಳ ಹುಟ್ಟುಹಬ್ಬಗಳು ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತವೆ. ನಾಮಿಯದು ಜುಲೈ 3, ಏಕೆಂದರೆ ಜಪಾನಿಯಲ್ಲಿ ‘ನಾ’ ಎಂದರೆ ಏಳು, ‘ಮಿ’ ಎಂದರೆ ಮೂರು. ಸಾಂಜಿಯದು ಅದೇ ಲೆಕ್ಕದಲ್ಲಿ ಮಾರ್ಚ್ 2. ಅಧ್ಯಾಯದ ಮೊದಲ ಪುಟದ ಚಿತ್ರಗಳಲ್ಲಿಯೂ ಸೋತುಹೋದ ಹಳೆಯ ಖಳರ ಪುಟ್ಟ ಕಥೆಗಳು ತಿಂಗಳುಗಟ್ಟಲೆ ಓಡುತ್ತವೆ, ಅವು ಮುಂದೆ ಮುಖ್ಯ ಕಥೆಗೆ ಬಂದು ಸೇರುವುದೂ ಉಂಟು. ಹೀಗಾಗಿ ಈ ಕಥೆಯ ಓದುಗ ಒಂದು ಮೂಲೆಯನ್ನೂ ಬಿಡದೆ ನೋಡುವುದನ್ನು ಕಲಿಯುತ್ತಾನೆ, ನೋಡಿದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರ.

ಆ ಪ್ರೀತಿ ಕಾಗದದಿಂದ ಹೊರಗೂ ಬಂದಿದೆ. 2016ರ ಏಪ್ರಿಲ್‌ನಲ್ಲಿ ಕುಮಾಮೋಟೊದಲ್ಲಿ ದೊಡ್ಡ ಭೂಕಂಪವಾದಾಗ ಓಡಾ ತಮ್ಮ ತವರಿಗೆ ದೊಡ್ಡ ಮೊತ್ತದ ನೆರವು ನೀಡಿದರು. ಪ್ರಾಂತ್ಯದ ಆಡಳಿತ 2018ರ ನವೆಂಬರ್‌ನಲ್ಲಿ ತನ್ನ ಕಚೇರಿಯ ಮುಂದೆ ಲೂಫಿಯ ಕಂಚಿನ ಪ್ರತಿಮೆ ನಿಲ್ಲಿಸಿತು. 2022ರ ಹೊತ್ತಿಗೆ ತಂಡದ ಹತ್ತೂ ಜನ ಭೂಕಂಪದಿಂದ ನೊಂದ ಊರುಗಳಲ್ಲಿ ನಿಂತರು. ಎಲ್ಲಿ ಯಾರೆಂಬುದನ್ನು ಓದುಗರೇ ಆರಿಸಿದರೇನೋ ಎನ್ನುವಷ್ಟು ಒಪ್ಪವಾಗಿದೆ. ತೀವ್ರ ಹಾನಿಯಾದ ಮಾಶಿಕಿಯಲ್ಲಿ ಅಡುಗೆಯವನಾದ ಸಾಂಜಿ, ಹಳಿ ಹಾಳಾಗಿದ್ದ ರೈಲು ಮಾರ್ಗದ ತಕಾಮೊರಿ ನಿಲ್ದಾಣದಲ್ಲಿ ಹಡಗು ಕಟ್ಟುವ ಫ್ರ್ಯಾಂಕಿ, ಬಿರುಕು ಬಿಟ್ಟ ವಿಶ್ವವಿದ್ಯಾಲಯದ ಹಳೆಯ ಆವರಣದಲ್ಲಿ ಅವಶೇಷಗಳನ್ನು ಓದಬಲ್ಲ ರಾಬಿನ್. ಹತ್ತನ್ನೂ ನೋಡಲೆಂದೇ ಜನ ಆ ಪ್ರಾಂತ್ಯ ಸುತ್ತುತ್ತಾರೆ. 2025ರಲ್ಲಿ ಇಂಡೊನೇಷ್ಯಾದಲ್ಲಿ, ಆಮೇಲೆ ನೇಪಾಳದಲ್ಲಿ, ಬೀದಿಗಿಳಿದ ಯುವಜನರ ಕೈಯಲ್ಲಿ ಲೂಫಿಯ ಹುಲ್ಲಿನ ಟೋಪಿಯ ಬಾವುಟವಿತ್ತು. ಲಾಬೂನಿನ ಹಣೆಯ ಮೇಲೆ ಬರೆದ ಗುರುತೇ ಅದು.

ಈ ಕಥೆಯಲ್ಲಿ ಕೊರತೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಹೆಣ್ಣು ಪಾತ್ರಗಳ ಮೈಕಟ್ಟನ್ನು ಓಡಾ ಚಿತ್ರಿಸುವ ರೀತಿ ವರ್ಷಗಳು ಕಳೆದಂತೆ ಒಂದೇ ಅಚ್ಚಿಗೆ ಬಂದಿದೆ, ಅದು ನನಗೆ ಬೇಸರ ತಂದಿದೆ. ‘ಡ್ರೆಸ್‌ರೋಸಾ’ ಎಂಬ ಭಾಗ ನೂರು ಅಧ್ಯಾಯಗಳಷ್ಟು ಬೆಳೆದು, ಪುಟಗಳಲ್ಲಿ ಜನ ಕಿಕ್ಕಿರಿದು, ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ಹುಡುಕಬೇಕಾದ ವಾರಗಳಿದ್ದವು. ಆ ಎರಡೂವರೆ ವರ್ಷ ನಾನೂ ಬಿಡುವ ಯೋಚನೆ ಮಾಡಿದ್ದೆ. ಉಳಿಸಿದ್ದು, ಹಿಂದೆ ಕೊಟ್ಟ ಮಾತುಗಳನ್ನೆಲ್ಲ ಈ ಲೇಖಕ ನಡೆಸಿಕೊಟ್ಟಿದ್ದಾರೆಂಬ ಭರವಸೆ.

ಹಾಗಾಗಿ ಚಿಕ್ಕಮ್ಮನ ಮಗನಿಗೆ ನಾನು ಹೇಳುವುದಿಷ್ಟು. ಮುಗಿದ ಮೇಲೂ ಓದಬಹುದು, ಅದೂ ಒಳ್ಳೆಯ ಓದೇ. ಆದರೆ ಓಡಾ ಈಗ ಕೊನೆಯ ಭಾಗವನ್ನು ಬರೆಯುತ್ತಿದ್ದಾರೆ, ಕಾಯುವ ಅವಕಾಶ ಇನ್ನು ಹೆಚ್ಚು ಕಾಲ ಇರುವುದಿಲ್ಲ. ಎಳೆದಾಡುವ ಅನಿಮೆಯನ್ನು, ಎಂದರೆ ಟಿವಿಯ ಕಾರ್ಟೂನ್ ರೂಪವನ್ನು, ಬಿಟ್ಟು ಪುಸ್ತಕವನ್ನೇ ಹಿಡಿ. ಮೊದಲ ಏಳೆಂಟು ಸಂಪುಟಗಳಲ್ಲಿ ಚಿತ್ರ ಹುಡುಗಾಟದಂತೆ ಕಂಡರೆ ನಿಲ್ಲಬೇಡ. 12ನೆಯದು ನನ್ನ ಕಪಾಟಿನಲ್ಲಿದೆ, ಬಂದು ತೆಗೆದುಕೊಂಡು ಹೋಗು. ಬ್ರೂಕ್ ಇನ್ನೂ ಆ ಭೂಶಿರಕ್ಕೆ ಮರಳಿಲ್ಲ, ಆ ಅಧ್ಯಾಯ ಬರುವ ಭಾನುವಾರದೊಳಗೆ ನೀನು ನನ್ನನ್ನು ಹಿಡಿಯಬಹುದು.