ಖಾಲಿ ಕುರ್ಚಿ

ಸಂಜೆ ಆರೂವರೆ ಆಗುತ್ತಿದ್ದ ಹಾಗೆ ಹೆಗಲ ಮೇಲಿನ ಬಟ್ಟೆ ಮೂಲೆಗೆ ಬಿಸಾಡಿ, ಅದೇ ಅಂಗಿಯಲ್ಲಿ ನೈಟ್ ಸ್ಕೂಲಿಗೆ ಓಡುತ್ತಿದ್ದೆವು. 1979ರ ಮಾತು. ಕ್ಲಾಸಿನ ತುಂಬ ಸಾಂಬಾರಿನ ವಾಸನೆ. ಅರ್ಧಕ್ಕರ್ಧ ಜನ ಕುಂದಾಪುರ, ಉಡುಪಿ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಹೋಟೆಲುಗಳಲ್ಲಿ ದುಡಿಯುವ ಹುಡುಗರೇ ಅಲ್ವಾ! ಇಂಗ್ಲಿಷ್ ಮಾಸ್ಟ್ರು ಹಗಲಿಡೀ ಬ್ಯಾಂಕಿನಲ್ಲಿ ಗುಮಾಸ್ತರು. ನಾವು ತೂಕಡಿಸುವುದು ಕಂಡರೆ ಪುಸ್ತಕ ಮುಚ್ಚಿ ಕಥೆ ಶುರು ಮಾಡುತ್ತಿದ್ದರು. ಕನ್ನಡದಲ್ಲೇ, ನಡುನಡುವೆ ಒಂದಿಷ್ಟು ತುಳು.

ಶೇಕ್ಸ್‌ಪಿಯರ್ ನಾಟಕದ ಮ್ಯಾಕ್‌ಬೆತ್ ಕಥೆ ಮೂರು ವಾರ ನಡೆಯಿತು. ಸರದಾರ ಮ್ಯಾಕ್‌ಬೆತ್‌ಗೆ ಮಾಟಗಾತಿಯರು ರಾಜನಾಗುವ ಆಸೆ ಹುಟ್ಟಿಸಿದರು, ಹೆಂಡತಿ ಕೆಣಕಿದಳು, ಇವನು ಮನೆಗೆ ಬಂದ ರಾಜ ಡಂಕನ್‌ನನ್ನು ಮಲಗಿದಲ್ಲೇ ಕೊಂದ. ಮಾಸ್ಟ್ರು ಅಲ್ಲಿ ಜಾಸ್ತಿ ನಿಲ್ಲಲಿಲ್ಲ. ಅವರಿಗೆ ಬೇಕಾಗಿದ್ದವರು ಇಬ್ಬರು ಕಾವಲುಗಾರರು. ಕುಡಿದು ಮಲಗಿದ್ದ ಅವರ ಮುಖಕ್ಕೆ ರಕ್ತ ಬಳಿದಾಗಿದೆ, ಪಕ್ಕದಲ್ಲಿ ಕಠಾರಿ ಇಟ್ಟಾಗಿದೆ. ಬೆಳಗ್ಗೆ ಅವರು ಬಾಯಿ ಬಿಡುವ ಮೊದಲೇ ಮ್ಯಾಕ್‌ಬೆತ್ ಇಬ್ಬರನ್ನೂ ಕಡಿದು ಹಾಕಿದ. ರಾಜನ ಮೇಲಿನ ಪ್ರೀತಿಯಿಂದ ಸಿಟ್ಟು ತಡೆಯಲಾಗಲಿಲ್ಲ ಅಂತ ಸಬೂಬು ಬೇರೆ.

“ಇದನ್ನು ಮಾಡು ಅಂತ ಇವನಿಗೆ ಯಾರು ಹೇಳಿದ್ದು? ಮಾಟಗಾತಿಯರಾ? ಹೆಂಡತಿಯಾ?” ಅಂದರು ಮಾಸ್ಟ್ರು.

ನಾನು ತಲೆ ಎತ್ತಲಿಲ್ಲ. ಹಿಂದಿನ ವಾರವಷ್ಟೇ ಹೋಟೆಲಿನಲ್ಲಿ ಒಂದು ಟ್ರೇ ಗ್ಲಾಸು ನನ್ನ ಕೈಜಾರಿ ಬಿದ್ದಿತ್ತು. ಯಾರದು ಅಂತ ಗಲ್ಲಾದಿಂದ ಧಣಿ ಕೂಗಿದಾಗ ಹೊಸ ಕ್ಲೀನರ್ ಹುಡುಗನ ಕಡೆ ಕೈ ತೋರಿಸಿದ್ದೆ. ಪಾಪ, ಚೂರು ಹೆಕ್ಕಲು ಬಗ್ಗಿದ್ದ. ಅವನ ಬೊಗಸೆಯಲ್ಲಿ ಗಾಜಿತ್ತು, ಬೆರಳಲ್ಲಿ ರಕ್ತವಿತ್ತು. ಧಣಿಗೆ ಅಷ್ಟು ಸಾಕಾಯಿತು. ಸಂಬಳದಲ್ಲಿ ಹಿಡಿದರು. ಮರುದಿನ ಅವನು ಅಡುಗೆಯವರ ಹತ್ತಿರ ಅಳುತ್ತಾ ನಿಜ ಹೇಳಿದ. ‘ಅವನು ಸುಳ್ಳುಬುರುಕ’ ಅಂತ ನಾನು ಇನ್ನೊಂದು ಕಟ್ಟಿದೆ.

ಆಮೇಲಿನ ಕಥೆ ನನಗೆ ಹೆದರಿಕೆ ಹುಟ್ಟಿಸಿತು. ಸಿಂಹಾಸನ ಸಿಕ್ಕಿತು, ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಒಬ್ಬೊಬ್ಬ ಸರದಾರನ ಮನೆಯಲ್ಲೂ ದುಡ್ಡು ಕೊಟ್ಟು ಒಬ್ಬ ಆಳನ್ನು ಇಟ್ಟ. ಗೆಳೆಯ ಬ್ಯಾಂಕೋನನ್ನು ಕೊಲ್ಲಿಸುವ ವಿಷಯ ಹೆಂಡತಿಗೂ ಹೇಳಲಿಲ್ಲ. ಮೊದಲ ಕೊಲೆಯಲ್ಲಿ ಜೊತೆಗಿದ್ದವಳು! ಕೊನೆಗೆ ಅವಳು ನಿದ್ದೆಯಲ್ಲಿ ಎದ್ದು ಒಬ್ಬಳೇ ಕೈ ಉಜ್ಜುತ್ತಾಳೆ. ಇವನ ಸೈನಿಕರು ಅಪ್ಪಣೆಗೆ ಮಾತ್ರ ಕಾಲು ಎತ್ತಿಡುತ್ತಾರೆ.

ಚರಿತ್ರೆಯ ಮ್ಯಾಕ್‌ಬೆತ್ ಬೇರೆಯೇ ಅಂತಲೂ ಮಾಸ್ಟ್ರು ಹೇಳಿದ್ದರು. ಅಲ್ಲಿ ಡಂಕನ್ ಸತ್ತದ್ದು ಯುದ್ಧದಲ್ಲಿ, ಹಾಸಿಗೆಯಲ್ಲಲ್ಲ. ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದ. ನಮಗೆ ಅವನು ರುಚಿಸಲಿಲ್ಲ, ಬಿಡಿ.

ವಾರ್ಷಿಕೋತ್ಸವಕ್ಕೆ ಔತಣದ ದೃಶ್ಯ ಆಡಿದೆವು. ‘ಎರಡು ಸಾದಾ, ಒಂದು ಮಸಾಲೆ’ ಅಂತ ಕೂಗಿ ಕೂಗಿ ಗಂಟಲು ಪಳಗಿತ್ತಲ್ಲ, ಮ್ಯಾಕ್‌ಬೆತ್ ಪಾತ್ರ ನನಗೇ ಬಂತು. ಬ್ಯಾಂಕೋನ ಪ್ರೇತ ಬಂದು ರಾಜನ ಜಾಗದಲ್ಲಿ ಕೂರುತ್ತದೆ. ಬೇರೆಯವರಿಗೆ ಕಾಣುವುದು ಖಾಲಿ ಕುರ್ಚಿ. ನಮ್ಮ ನಾಟಕದಲ್ಲಿ ಪ್ರೇತದ ವೇಷ ಇರಲಿಲ್ಲ, ಸುಮ್ನೆ ಕುರ್ಚಿ ನೋಡಿ ಬೆಚ್ಚಬೇಕು.

ಪರದೆ ಏಳುವ ಮೊದಲು ಆ ಕುರ್ಚಿ ಹೊತ್ತು ತಂದವನು ಕ್ಲೀನರ್ ಹುಡುಗ. ಅಷ್ಟರಲ್ಲಿ ಅವನೂ ನಮ್ಮ ಶಾಲೆಗೇ ಸೇರಿದ್ದ.

“ಎಲ್ಲಿ ಇಡುದು ಅಣ್ಣ?” ಅಂದ.

ಬಾಯಿಂದ ಮಾತು ಹೊರಡಲಿಲ್ಲ. ಕೈ ತೋರಿಸಿದೆ.