ಬೇಕಂತಲೇ ಕಳ್ಳೀನ ಬಿಟ್ಕೊಟ್ಟ ಬ್ಯಾಟ್‌ಮನ್

ಹಳೇ ಕ್ರೈಂ ಕಾಮಿಕ್ಸ್ ಓದುವಾಗ ನಂಗೆ ಹೀರೋಗಿಂತ ಅವನಿಗೆ ಟೋಪಿ ಹಾಕೋ ಹೆಂಗಸ್ರೇ ಇಷ್ಟ ಆಗೋದು. 1940ರಲ್ಲಿ ಬಂದ ಬ್ಯಾಟ್‌ಮನ್ ಮೊದಲ ಸಂಚಿಕೆನೇ ತಗೊಳ್ಳಿ, ಕ್ಯಾಟ್‌ವುಮನ್‌ಗೆ ಆಗಿನ್ನೂ ಬರೀ 'ದಿ ಕ್ಯಾಟ್' ಅಂತ ಹೆಸ್ರು, ಬೆಕ್ಕಿನ ವೇಷನೂ ಇಲ್ಲ, ಮುದುಕಿ ಥರ ಮೇಕಪ್ ಮಾಡ್ಕೊಂಡು ಶ್ರೀಮಂತರ ಹಡಗಿಗೆ ನುಗ್ಗಿ ನೆಕ್ಲೆಸ್ ಎಗರಿಸ್ತಾಳೆ. ಫೈರ್ ಅಲಾರಂ ಹೊಡ್ದಾಗ ಅಜ್ಜಿ ಓಡೋ ಸ್ಪೀಡು, ಆ ಕಾಲು ನೋಡಿ ಬ್ಯಾಟ್‌ಮನ್‌ಗೆ ಡೌಟ್ ಬರತ್ತೆ, ಹಿಡೀತಾನೆ, ಆಮೇಲೆ ಅವ್ಳು ನೀರಿಗೆ ಹಾರಿದಾಗ ಹಿಂದೆ ಹೋಗೋಕೆ ಹೊರಟ ತನ್ನ ಜೊತೆಗಾರ ಹುಡ್ಗ ರಾಬಿನ್‌ಗೆ ತಾನೇ ಅಡ್ಡ ಬಂದು ಡಿಕ್ಕಿ ಹೊಡೀತಾನೆ! ಪಾಪ ಹುಡ್ಗ. ಕಾನೂನು, ನ್ಯಾಯ ಅಂತ ರಾತ್ರಿಯೆಲ್ಲಾ ಸುತ್ತೋನು ಒಂದ್ ಜೋಡಿ ಕಣ್ಣಿಗೆ ಬಿದ್ದ, ಅದೇ ನಂಗೆ ಮಜಾ.

ವಿಲ್ ಐಸ್ನರ್ ಅವರ ಮುಖವಾಡದ ಪತ್ತೇದಾರನ ಕಾಮಿಕ್ಸ್ 'ದಿ ಸ್ಪಿರಿಟ್'ನಲ್ಲಂತೂ ಇಂಥೋರ ದಂಡೇ ಇದೆ. ಪೀಜೆಲ್ ಗಂಡಂದಿರನ್ನ ಬದಲಾಯಿಸ್ತಾ ಆಸ್ತಿ ಮಾಡ್ಕೊಳ್ಳೋಳು, ಅದ್ರಲ್ಲಿ ಒಂಚೂರೂ ಸಂಕೋಚ ಇಲ್ಲ. ಆದ್ರೆ ನನ್ನ ಓಟು 1950ರ ಸ್ಯಾಂಡ್ ಸಾರೆಫ್‌ಗೆ, ಹೀರೋ ಜೊತೆ ಆಡಿ ಬೆಳೆದ ಹುಡ್ಗಿ ಈಗ ಕಾನೂನಿನ ಆಚೆ ದಡದಲ್ಲಿ, ಇವ್ನಿಗೆ ಹಿಡಿಯೋಕೂ ಆಗಲ್ಲ ಬಿಡೋಕೂ ಆಗಲ್ಲ.

1954ರಲ್ಲಿ ಅಮೆರಿಕದ ಪ್ರಕಾಶಕರೇ ಕಾಮಿಕ್ಸ್ ಕೋಡ್ ಅಂತ, ಕಥೇಲಿ ಏನೇನು ಇರ್ಬಾರ್ದು ಅನ್ನೋ ನಿಯಮಗಳ ಕತ್ತರಿ ತಂದ್ರು, ಕ್ಯಾಟ್‌ವುಮನ್ ಆ ವರ್ಷ ಮಾಯ ಆದೋಳು ಮತ್ತೆ ಬಂದಿದ್ದು 1966ಕ್ಕೆ. ಅದ್ರಲ್ಲಿ ಸುಮಾರು ವರ್ಷ ಬ್ಯಾಟ್‌ಮನ್ ಏಲಿಯನ್‌ಗಳ ಜೊತೆ ಗುದ್ದಾಡ್ಕೊಂಡಿದ್ದ, ಬೋರೋ ಬೋರು.