ಹರಾರ್‌ಗೆ ಹೋದ್ರೆ ಮೂರನೇ ಕಾಫಿ ಕುಡ್ದೇ ಏಳಿ

ಇಥಿಯೋಪಿಯಾದಿಂದ ಬಂದು ಹದಿನೈದು ದಿನ ಆಯ್ತು, ಶಿರಸಿ ಪೇಟೇಲಿ ಸಿಕ್ಕಿದವ್ರೆಲ್ಲ ಕೇಳೋದು ಒಂದೇ, "ಕತ್ತೆಕಿರುಬಕ್ಕೆ ಊಟ ಹಾಕಿದ್ಯಂತೆ, ಹೌದಾ?" ಹೌದು, ಹಾಕಿದೆ. ಆದ್ರೆ ಅದು ನಡೆದ ಹರಾರ್ ಅನ್ನೋ ಹಳೇ ಊರು ಅಂದ್ರೆ ಅದೊಂದೇ ಅಲ್ಲ, ಅದಕ್ಕೇ ಕೂತು ಬರೀತಿದೀನಿ.

ಅಡಿಸ್ ಅಬಾಬಾದಿಂದ ಡಿರೆ ದಾವಾಕ್ಕೆ ವಿಮಾನ, ಅಲ್ಲಿಂದ ಸುಮಾರು 50 ಕಿ.ಮೀ. ರಸ್ತೆ. ಕೆಳಗೆ ವಿಪರೀತ ಸೆಕೆ, ಮೇಲೆ ತಂಪು ಗಾಳಿ, ಥೇಟ್ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ನಮ್ಮೂರಿಗೆ ಬಂದ ಹಾಗೆ! ಹಳೇ ಊರಿನ ಸುತ್ತ 16ನೇ ಶತಮಾನದ ಕೋಟೆ ಗೋಡೆ, ಅದಕ್ಕೆ ಜುಗೋಲ್ ಅಂತಾರೆ, 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಒಳಗೆ 82 ಮಸೀದಿ, ಓಣಿಗಳಿಗಂತೂ ಲೆಕ್ಕವೇ ಇಲ್ಲ. ಮಕಿನಾ ಗಿರ್‌ಗಿರ್ ಅಂತ ಒಂದು ದರ್ಜಿಗಳ ಓಣಿ ಇದೆ, ಹೊಲಿಗೆ ಮಷಿನ್ನಿನ ಸದ್ದೇ ಅದರ ಹೆಸರು. ಇನ್ನೊಂದು ವಿಷ್ಯ, ಅಲ್ಲಿ ಗಂಟೆ ಲೆಕ್ಕ ಶುರುವಾಗೋದು ಬೆಳಗಾದಾಗಿಂದ. ಗೈಡ್ "1 ಗಂಟೆಗೆ ಬರ್ತೀನಿ" ಅಂದವ್ರು ಬೆಳಿಗ್ಗೆ 7ಕ್ಕೇ ಬಾಗಿಲು ಬಡಿದ್ರು.

ಹರಾರಿ ಮನೆಯೊಂದಕ್ಕೆ ಹೋಗ್ಲೇಬೇಕು. ನಡುಮನೇಲಿ ಐದು ಜಗಲಿ, ಯಾರು ಯಾವುದ್ರಲ್ಲಿ ಕೂರ್ಬೇಕು ಅಂತ ಕಟ್ಟುಪಾಡು ಇದೆ, ಗೋಡೆ ತುಂಬ ಬಣ್ಣಬಣ್ಣದ ಹೆಣೆದ ಬುಟ್ಟಿಗಳು. ನಾವು ಹೋದ ಮನೇಲಿ ಕಾಫಿಗೆ ಕೂರ್ಸಿದ್ರು. ಆ ಮನೆಯಮ್ಮ ಹಸಿ ಬೀಜ ತೊಳೆದು ಕೆಂಡದ ಮೇಲೆ ಹುರಿಯೋಕೆ ಶುರು ಮಾಡಿದ್ರು, ಪಕ್ಕದಲ್ಲೇ ಧೂಪ, ಬೀಜ ಚಟಪಟ ಅಂದು ಕಪ್ಪಾಗ್ತಿದ್ದ ಹಾಗೆ ಹುರಿಯೋ ಬಾಣಲೇನ ಒಬ್ಬೊಬ್ಬರ ಮುಂದೂ ಹಿಡಿದ್ರು, ನಾವು ಕೈಯಿಂದ ಹೊಗೆ ಮುಖಕ್ಕೆ ತಗೋಬೇಕು, ನಂಗಂತೂ ಆರತಿ ತಗೊಂಡ ಹಾಗೇ ಆಯ್ತು. ಆಮೇಲೆ ಕುಟ್ಟಿ, ಜೆಬೆನಾ ಅನ್ನೋ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಬಗ್ಗಿಸ್ತಾರೆ. ಮೂರು ಸುತ್ತು: ಅಬೋಲ್, ತೋನಾ, ಬರಕಾ. ಅದೇ ಪುಡಿಗೆ ಮತ್ತೆ ನೀರು ಹಾಕೋದ್ರಿಂದ ಮೂರನೇದು ತೆಳು, ಆದ್ರೆ ಬರಕಾ ಅಂದ್ರೆ ಆಶೀರ್ವಾದ, ಅದನ್ನ ಕುಡೀದೆ ಏಳ್ಬೇಡಿ. ಬಸ್ಸಿಗೆ ಹೊತ್ತಾಯ್ತು ಅಂತ ಇಬ್ರು ಟೂರಿಸ್ಟ್‌ಗಳು ಒಂದೇ ಬಟ್ಟಲಿಗೆ ಎದ್ದು ಹೋದ್ರು, ನಂಗೇ ಬೇಜಾರಾಯ್ತು.

ಊಟಕ್ಕೆ ಇಂಜೆರಾ, ನಮ್ಮ ದೋಸೆ ಥರದ್ದು. ತೆಫ್ ಧಾನ್ಯದ ಹುಳಿ ಹಿಟ್ಟು, ಒಂದೇ ಮಗ್ಗುಲು ಬೇಯ್ಸೋದು, ಮೇಲೆಲ್ಲ ತೂತು ತೂತು. ನಮ್ಮಂಥ ಸಸ್ಯಾಹಾರಿಗಳು ಬುಧವಾರ ಶುಕ್ರವಾರ ಉಪವಾಸದ ಊಟ ಅಂತ ಕೇಳಿ, ಆರ್ಥೊಡಾಕ್ಸ್ ಕ್ರೈಸ್ತರು ಅವತ್ತು ಮಾಂಸ, ಹಾಲು, ಮೊಟ್ಟೆ ಮುಟ್ಟಲ್ಲ. ಎಲ್ರೂ ಒಂದೇ ತಟ್ಟೆ. ಎಂಜಲು ಮುಸುರೆ ಅಂತ ಬೆಳೆದವಳು ನಾನು, ಪಕ್ಕದಲ್ಲಿದ್ದ ಅಜ್ಜಿ ಸೀದಾ ಬಾಯಿಗೇ ತುತ್ತು ಇಟ್ರು! ಅದಕ್ಕೆ ಗುರ್ಶಾ ಅಂತಾರೆ, ಪ್ರೀತಿಗೆ ಕೊಡೋದು. ನಮ್ಮ ಅಮ್ಮಮ್ಮ ನೆನಪಾಗಿ ಕಣ್ಣು ತುಂಬ್ತು.

ಕತ್ತೆಕಿರುಬಕ್ಕೆ ಊಟ ಹಾಕೋದು ರಾತ್ರಿ, ಗೋಡೆ ಹೊರಗೆ. ಕೋಲಿನ ತುದಿಗೆ ಮಾಂಸ ಸಿಗಿಸಿ ನಮ್ಮ ಕೈಗೆ ಕೊಡ್ತಾರೆ, ಅದು ಬಂದು ಕಚ್ಚಿ ಎಳೆದಾಗ ಮೊಣಕೈವರೆಗೂ ಜಗ್ಗುತ್ತೆ. ಫ್ಲ್ಯಾಶ್ ಹಾಕ್ಬೇಡಿ, ಪಾಪ.

ಹೊರಡೋಕೆ ಕನಿಷ್ಠ 10 ದಿನ ಮೊದಲೇ ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೊಳ್ಳಿ, ವಾಪಸ್ ಬರುವಾಗ ಏರ್‌ಪೋರ್ಟಲ್ಲಿ ಸರ್ಟಿಫಿಕೇಟ್ ಕೇಳ್ತಾರೆ. ಹರಾರ್‌ಗೆ ಎರಡು ರಾತ್ರಿ ಆದ್ರೂ ಇಡಿ.

ಒಂದು ಜೆಬೆನಾ ತಂದಿದೀನಿ. ಶಿರಸಿ ಕಡೆ ಬಂದ್ರೆ ಹೇಳಿ, ಆದ್ರೆ ಗಡಿಬಿಡೀಲಿ ಬರ್ಬೇಡಿ, ಮೂರೂ ಸುತ್ತು ಆಗ್ಬೇಕು.